ಹೊಸ ಹೋಟೆಲುಗಳೂ ಹಳೆಯ ಆಕ್ಷೇಪಗಳೂ

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ದಾರಿಯಲ್ಲಿ ದರ್ಬೆಯೆಂಬ ಪೇಟೆಯುಂಟು. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ಸ್ಥಾಪಿತವಾದಂದಿನಿಂದ ವಿದ್ಯಾರ್ಥಿಗಳ ಓಡಾಟವು ಆ ಪೇಟೆಗೆ ನಿತ್ಯದ ಸಂಗತಿ. ಇಡ್ಲಿ, ಬನ್ಸು, ಗೋಳಿಬಜೆ, ಮೀನಿನ ಊಟ ಇವಿಷ್ಟರಿಂದಲೇ ಹಿಂದೆ ತೃಪ್ತರಾಗುತ್ತಿದ್ದವರ ಮಕ್ಕಳಿಗೆ ಈಗ ಅಲ್ಲಿ ಶವರ್ಮ, ಅಲ್‌ಫಹಾಂ, ಮಂದಿ, ಪಿಜ್ಜಾ, ಮೊಮೊ, ಗೋಬಿ ಮಂಚೂರಿ ಮೊದಲಾದುವು ದೊರೆಯುತ್ತವೆ. ಇದನ್ನು ಕಂಡು ಊರಿನ ಸುಶಿಕ್ಷಿತರಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡಿವೆ. ಊರಿನ ಆಚಾರವು ಕೆಟ್ಟಿತೆಂದು ಒಂದು ಪಕ್ಷವು ಕೊರಗುತ್ತದೆ; ಊರಿಗೆ ವೈವಿಧ್ಯವು ಬಂದಿತೆಂದು ಇನ್ನೊಂದು ಪಕ್ಷವು ಹಿಗ್ಗುತ್ತದೆ. ವಿಚಾರಮಾಡಿ ನೋಡಿದರೆ ಇವೆರಡರಲ್ಲಿ ಒಂದಾದರೂ ನಿಲ್ಲತಕ್ಕ ವಾದವಲ್ಲ.

ಮೊದಲನೆಯವರು ಆಚಾರವೆಂದು ಕರೆಯುವುದಾದರೂ ಯಾವುದನ್ನು? ತುಳುನಾಡಿನ ಅಡಿಗೆಯ ಪ್ರಾಣವೇ ಕೆಂಪು ಮೆಣಸು. ಆ ಮೆಣಸು ಪೋರ್ತುಗೀಜರ ಹಡಗುಗಳು ಅಮೇರಿಕಾ ಖಂಡದಿಂದ ಈ ತೀರಕ್ಕೆ ತಂದುದು. ಅದಕ್ಕಿಂತ ಮುಂಚೆ ಇಲ್ಲಿದ್ದ ಖಾರವು ಬಳ್ಳಿಯ ಮೆಣಸಿನದು. ಹೊಸದಾಗಿ ಬಂದ ಕಾಯಿಯು ಹಳೆಯದರ ಹೆಸರನ್ನೇ ಕಸಿದುಕೊಂಡಿತು. ಹೆಸರನ್ನು ಕಳೆದುಕೊಂಡ ಹಳೆಯದನ್ನು ಜನರು ಕನ್ನಡದಲ್ಲಿ ‘ಒಳ್ಳೆಮೆಣಸು’ ಎಂದೂ ತುಳುವಿನಲ್ಲಿ ‘ಎಡ್ಡೆ ಮುಂಚಿ’ ಎಂದೂ ಸಮಾಧಾನಪಡಿಸಿದರು. ಮಸಾಲೆ ದೋಸೆಯ ಹೊಟ್ಟೆಯೊಳಗಿರುವ ಬಟಾಟೆಯು ಪರದೇಶದ್ದು. ಅದರ ಹೆಸರೂ ಪರದೇಶದ್ದೇ. ಪಾಯಸಕ್ಕೆ ಹಾಕುವ ಗೇರುಬೀಜವು ಬ್ರೆಜಿಲ್ ದೇಶದಿಂದ ಬಂದುದು. ಇಂದು ಅದರ ಸಂಶೋಧನೆಗಾಗಿ ಪುತ್ತೂರಿನಲ್ಲಿಯೇ ಕೇಂದ್ರ ಸರಕಾರದ ಸಂಸ್ಥೆಯಿರುವುದು. ಅಡಕೆ ತೋಟದ ನೆರಳಿನಲ್ಲಿ ಬೆಳೆಯುವ ಕೊಕ್ಕೋವಿನ ಮೂಲವೂ ಅಮೇರಿಕಾ ಖಂಡವೇ. 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು 1986ರಲ್ಲಿ ಇದೇ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆದಾಗ ಯಾರೂ ಪ್ರಾಯಶ್ಚಿತ್ತವನ್ನು ವಿಧಿಸಲಿಲ್ಲ. ಹೀಗಿರಲಾಗಿ, ನಾಲಗೆಗೆ ಪರಿಚಯವಾಗಿ ಮೂರು ತಲೆ ಕಳೆದುದೆಲ್ಲ ಸನಾತನ, ನಿನ್ನೆ ಬಂದುದೆಲ್ಲ ಮ್ಲೇಚ್ಛವೆಂಬ ಲೆಕ್ಕಾಚಾರಕ್ಕೆ ಆಧಾರವೇನು?

ಹೋಟೆಲೆಂಬ ವಸ್ತುವಿನ ಕಥೆಯೂ ಇದೇ. ಅನ್ನವಿಕ್ರಯವು ಪಾಪವೆಂದು ಹಿಂದಿನವರು ನಂಬಿದ್ದರು. ಬೇಯಿಸಿದ ಅನ್ನವನ್ನು ಹಣಕ್ಕೆ ಮಾರುವವನೂ ಕೊಂಡುಣ್ಣುವವನೂ ಶಿಷ್ಟರ ಕಣ್ಣಿಗೆ ಕೀಳಾಗಿದ್ದರು. ಆ ಕಟ್ಟನ್ನು ಮುರಿದವರು ಉಡುಪಿ ಸೀಮೆಯ ಬಡ ಹುಡುಗರೇ. ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಅಂಗಡಿಯು ಮುಂದೆ ಮಾವಳ್ಳಿ ಟಿಫಿನ್ ರೂಮೆಂದು ಪ್ರಸಿದ್ಧವಾಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದರು. ಇಂದು ‘ಉಡುಪಿ ಹೋಟೆಲು’ ಎಂಬುದು ಸದಾಚಾರದ ಇನ್ನೊಂದು ಹೆಸರು. ಆಚಾರವನ್ನು ಮೀರಿ ಹುಟ್ಟಿದ ಸಂಸ್ಥೆಯನ್ನೇ ಆಚಾರದ ಕೋಟೆಯೆಂದು ತೋರಿಸಿ, ಇನ್ನೊಬ್ಬರು ಬಾಗಿಲು ತೆರೆಯಬಾರದೆನ್ನುವುದು ವಿಚಿತ್ರವಾದ ನ್ಯಾಯವಲ್ಲವೆ?

ಆದರೆ ಉಡುಪಿಯ ಹೋಟೆಲುಗಳ ಚರಿತ್ರೆಯಲ್ಲಿ ಮರೆಯಬಾರದ ಇನ್ನೊಂದು ಪುಟವುಂಟು. ಮಾವಳ್ಳಿಯ ಆ ಅಂಗಡಿಯ ಮೊದಲಿನ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್ಬು’. ಆ ಕಾಲದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಜಗಲಿ. ಅಸ್ಪೃಶ್ಯರೆನಿಸಿಕೊಂಡವರಿಗೆ ಅಂಗಳದಲ್ಲಿ ನಿಂತು ಎತ್ತರದಿಂದ ಸುರಿಸಿಕೊಳ್ಳುವ ಕಾಫಿ. 1934ರಲ್ಲಿ ಹರಿಜನ ಪ್ರವಾಸದ ನಿಮಿತ್ತ ಮಹಾತ್ಮಾ ಗಾಂಧಿಯವರು ಪುತ್ತೂರಿಗೆ ಬಂದಾಗ ನಾಡಿನ ಸ್ಥಿತಿಯು ಇದೇ ಆಗಿದ್ದಿತು. ಸ್ವತಂತ್ರ ಭಾರತದ ಸಂವಿಧಾನವನ್ನು ಬರೆದವರು ತಮ್ಮ 15ನೆಯ ಅನುಚ್ಛೇದದಲ್ಲಿ ಅಂಗಡಿ, ಬಾವಿ, ಕೆರೆ, ರಸ್ತೆಗಳ ಜತೆಗೆ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೆಸರಿಸಿ, ಜಾತಿ ಮತಗಳ ಕಾರಣದಿಂದ ಯಾರಿಗೂ ಅಲ್ಲಿ ತಡೆಯಿರಕೂಡದೆಂದು ವಿಧಿಸಿದುದು ಸುಮ್ಮನೆ ಅಲ್ಲ. ಬಾವಿಯ ನೀರಿನಷ್ಟೇ ಹೋಟೆಲಿನ ಮೇಜೂ ಮನುಷ್ಯನ ಮರ್ಯಾದೆಗೆ ಸಂಬಂಧಪಟ್ಟುದೆಂಬುದನ್ನು ಅವರು ಬಲ್ಲರು. ದೇವಸ್ಥಾನದ ಪಂಕ್ತಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಬಹುಕಾಲ ಸಾಧ್ಯವಾಗದ ಸಹಭೋಜನವನ್ನು, ಒಂದು ಸುಧಾರಣೆಯ ಭಾಷಣವೂ ಇಲ್ಲದೆ, ಹೋಟೆಲಿನ ಬೆಂಚು ಸಾಧಿಸಿತು.

ಈ ಬೆಳಕಿನಲ್ಲಿ ಇಂದಿನ ಆಕ್ಷೇಪವನ್ನು ಪರೀಕ್ಷಿಸತಕ್ಕದ್ದು. ಶವರ್ಮದ ಮೇಲೆ ಸಿಟ್ಟಾಗುವವರಲ್ಲಿ ಕೆಲವರ ಸಿಟ್ಟು ತಿಂಡಿಯ ಮೇಲಿನದಲ್ಲ, ಅದನ್ನು ಮಾಡುವ ಕೈಯ ಮೇಲಿನದು. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿಯಿಡುವ ಅವಕಾಶವನ್ನು ನಿರಾಕರಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಯಾರ ಅಂಗಡಿಯಲ್ಲಿ ಉಣ್ಣಬೇಕು, ಯಾರ ಅಂಗಡಿಯಲ್ಲಿ ಉಣ್ಣಕೂಡದು ಎಂಬ ಪಟ್ಟಿಯನ್ನು ಮತ್ತೆ ಬರೆಯಹೊರಟವರು, ಹಳೆಯ ಒಳಕೋಣೆಯ ಬಾಗಿಲನ್ನೇ ಹೊಸ ಬಣ್ಣ ಬಳಿದು ನಿಲ್ಲಿಸುತ್ತಿದ್ದಾರೆ. ಆಚಾರದ ಹೆಸರನ್ನು ಇದಕ್ಕೆ ಹಚ್ಚುವುದರಿಂದ ಆಚಾರಕ್ಕೇ ಅವಮಾನ.

ಇನ್ನು ಎರಡನೆಯ ಪಕ್ಷದವರ ಹಿಗ್ಗು. ಹಲಗೆಯ ಮೇಲೆ ನೂರು ಹೆಸರುಗಳಿದ್ದ ಮಾತ್ರಕ್ಕೆ ವೈವಿಧ್ಯವಾಗದು. ಒಂದೇ ಬಾಣಲೆ, ಒಂದೇ ಶೀಸೆಯ ಸಾಸು, ಒಂದೇ ಕೆಂಪು. ಅದರಲ್ಲಿ ಹೊರಳಿದ ಹೂಕೋಸಿಗೆ ಒಂದು ಹೆಸರು, ಅಣಬೆಗೆ ಇನ್ನೊಂದು, ಕೋಳಿಗೆ ಮತ್ತೊಂದು. ದರ್ಬೆಯಲ್ಲಿ ಸಿಕ್ಕುವ ಈ ರುಚಿಯೇ ಹಾಸನದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಸಿಕ್ಕುವುದು. ಕರ್ನಾಟಕ ಸರಕಾರವು 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ, ಜೂನಿನಲ್ಲಿ ಕಬಾಬಿಗೂ ಕೃತಕ ಬಣ್ಣವನ್ನು ಬೆರಸಕೂಡದೆಂದು ನಿಷೇಧಿಸಬೇಕಾಯಿತು. ಆಚಾರಕ್ಕಾಗಿ ಕೊರಗುವವರ ಕಣ್ಣು ಮೊದಲು ಬೀಳಬೇಕಾಗಿದ್ದುದು ಆ ಬಣ್ಣದ ಮೇಲೆ.

ನಿಜವಾದ ವೈವಿಧ್ಯವು ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಇಲ್ಲವೆಂದಲ್ಲ. ಅದು ಅಡಿಗೆಮನೆಗಳಲ್ಲಿ ಅವಿತು ಕುಳಿತಿದೆ. ಹವ್ಯಕರ ಮನೆಯ ತಂಬುಳಿ, ಹಲಸಿನ ಹಣ್ಣಿನ ಕೊಟ್ಟಿಗೆ, ಬಂಟರ ಮನೆಯ ಕೋರಿ ರೊಟ್ಟಿ, ಕೊಂಕಣಿಗರ ದಾಳಿ ತೋಯ್, ಬ್ಯಾರಿಗಳ ಪತ್ತಿರಿ, ಕ್ರೈಸ್ತರ ಸನ್ನ, ಮಳೆಗಾಲದ ಪತ್ರೊಡೆ, ಕಣಿಲೆ, ತಜಂಕು, ತಿಮರೆ ಚಟ್ನಿ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಬಂದು ಸುಳ್ಯದ ರಬ್ಬರು ತೋಟಗಳಲ್ಲಿ ನೆಲೆಸಿದ ತಮಿಳರಿಗೂ ತಮ್ಮದೇ ಆದ ಅಡಿಗೆಯುಂಟು. ಇವರೆಲ್ಲರೂ ಒಂದೇ ಸಂತೆಗೆ ಬರುತ್ತಾರೆ, ಒಂದೇ ಬಸ್ಸಿನಲ್ಲಿ ಕುಳಿತುಕೊಳ್ಳುತ್ತಾರೆ. ಆದರೆ ನೆರೆಮನೆಯವನು ಏನನ್ನುಣ್ಣುತ್ತಾನೆಂದು ಒಬ್ಬನಿಗೂ ಸರಿಯಾಗಿ ತಿಳಿಯದು. ಅರಬ್ಬೀ ದೇಶದ ಮಂದಿಯ ರುಚಿಯನ್ನು ಬಲ್ಲ ದರ್ಬೆಯ ತರುಣನಿಗೆ ಐದು ಮಾರು ದೂರದ ಮನೆಯ ಮಡಕೆಯ ರುಚಿಯು ತಿಳಿಯದಿರುವುದು ಮಂದಿಯ ದೋಷವಲ್ಲ.

ಸಭೆ ಸಂಘಗಳವರು ‘ಆಟಿಡೊಂಜಿ ದಿನ’ವೆಂದು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಪತ್ರೊಡೆಯನ್ನಿಟ್ಟು, ಸಂಸ್ಕೃತಿಯ ಕುರಿತು ಭಾಷಣಮಾಡಿ, ಛಾಯಾಚಿತ್ರ ತೆಗೆಯಿಸಿಕೊಂಡು ಮನೆಗೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಹೋಟೆಲಿಗೆ ಹೋದರೆ ಅವರು ಕೇಳುವುದು ಗೋಬಿಯನ್ನೇ. ಕೇಳದ ವಸ್ತುವನ್ನು ಯಾವ ವ್ಯಾಪಾರಿಯೂ ಮಾರುವುದಿಲ್ಲ.

ಹೋಟೆಲಿನವರು ಇದಕ್ಕೆ ಕೊಡುವ ಉತ್ತರದಲ್ಲಿ ಸತ್ಯವಿಲ್ಲದಿಲ್ಲ. ಪತ್ರೊಡೆಗೆ ಕೆಸುವಿನ ಎಲೆಯನ್ನು ಆರಿಸಬೇಕು, ನಾರು ತೆಗೆಯಬೇಕು, ತುರಿಕೆ ಮುರಿಯುವಷ್ಟು ಹುಳಿ ಸೇರಿಸಿ ಅಕ್ಕಿ ಮಸಾಲೆ ಅರೆಯಬೇಕು, ಹಚ್ಚಿ ಸುತ್ತಿ ಬೇಯಿಸಬೇಕು. ಒಬ್ಬಾಳಿನ ಅರ್ಧ ದಿನದ ಕೆಲಸ. ಗೋಬಿಗೆ ಕಾಲು ಗಳಿಗೆ ಸಾಕು. ಆದರೆ ಈ ಕೆಲಸವೆಲ್ಲ ಹೋಟೆಲಿನೊಳಗೇ ಆಗಬೇಕೆಂದು ವಿಧಿಸಿದವರಾರು? ಹಳ್ಳಿ ಹಳ್ಳಿಗಳಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿವೆ. ಹಲಸಿನ ಮೇಳವು ನೆರೆದಾಗ ಅವರು ಮಾಡಿ ತಂದ ತಿಂಡಿಗಳಿಗೆ ಜನರು ಮುತ್ತುವುದನ್ನು ಪುತ್ತೂರು ಕಂಡಿದೆ. ಮೇಳವು ಮುಗಿದ ಮರುದಿನ ಅದೇ ಹಲಸು ಅದೇ ಅಂಗಳದಲ್ಲಿ ಬಿದ್ದು ಕೊಳೆಯುವುದು. ಆ ಕೈಗಳಿಂದ ದಿನಕ್ಕೊಂದು ತಿಂಡಿಯನ್ನು ಒಪ್ಪಂದದ ಬೆಲೆಗೆ ಕೊಂಡು, ಋತುವಿಗೆ ತಕ್ಕಂತೆ ಹಲಗೆಯ ಮೇಲೆ ಬರೆದರೆ ಹೋಟೆಲಿನವನಿಗೆ ನಷ್ಟವಿಲ್ಲ. ಮನೆಯ ಹೆಂಗಸಿಗೆ ಲಾಭವುಂಟು.

ಬಾರುಗಳ ಮಾತು ಬೇರೆ. ಅವನ್ನೂ ವೈವಿಧ್ಯದ ಲೆಕ್ಕಕ್ಕೆ ಸೇರಿಸುವವರುಂಟು. 1948ರಲ್ಲಿ ಮದರಾಸು ಸರಕಾರವು ಪ್ರಾಂತವಿಡೀ ಪಾನನಿರೋಧವನ್ನು ಜಾರಿಗೆ ತಂದಿತು. ಆ ಕಾನೂನು ಮುಂದೆ ಉಳಿಯಲಿಲ್ಲ. ಕಾನೂನಿನ ಚರ್ಚೆಯು ಇಲ್ಲಿ ಅಪ್ರಸ್ತುತ. ಇಷ್ಟನ್ನು ಮಾತ್ರ ಕೇಳಬಹುದು: ಹೆಂಡತಿ ಮಕ್ಕಳೊಡನೆ ಕುಳಿತುಕೊಳ್ಳಲಾಗದ, ದೀಪ ತಗ್ಗಿಸಿದ ಕೋಣೆಯು ಊರಿನ ಸಂಪತ್ತನ್ನು ಹೆಚ್ಚಿಸಿತೆಂದು ಹೇಳುವುದು ಹೇಗೆ? ಅರ್ಧ ಊರಿಗೆ ಬಾಗಿಲಿಲ್ಲದ ಮನೆಯಿಂದ ಊರಿಗೆ ವೈವಿಧ್ಯವು ಬರದು.

ಆದುದರಿಂದ ದರ್ಬೆಯ ಹೊಸ ಹೋಟೆಲುಗಳು ಬಾಳಲಿ, ಇನ್ನೂ ಬರಲಿ. ಅವುಗಳ ಎಣ್ಣೆಯನ್ನೂ ಬಣ್ಣವನ್ನೂ ನಗರಸಭೆಯೂ ಆಹಾರ ಸುರಕ್ಷತೆಯ ಅಧಿಕಾರಿಗಳೂ ನಿಷ್ಪಕ್ಷಪಾತವಾಗಿ ಪರೀಕ್ಷಿಸಲಿ. ಮಾಲಿಕನ ಜಾತಿಯನ್ನು ಯಾರೂ ಪರೀಕ್ಷಿಸದಿರಲಿ. ಆಚಾರದ ಅಭಿಮಾನವುಳ್ಳವರು ಮುಂದಿನ ಆಟಿಯಲ್ಲಿ ವೇದಿಕೆಯನ್ನು ಹತ್ತುವ ಮೊದಲು ಹೋಟೆಲಿಗೆ ಹೋಗಿ ಪತ್ರೊಡೆಯುಂಟೇ ಎಂದು ಕೇಳಲಿ. ಇಲ್ಲವೆಂದರೆ ಮರುದಿನವೂ ಹೋಗಿ ಕೇಳಲಿ.