ದೆವ್ವ ಆಗೋಕಿಂತ ಮೊದಲು ಏನಾಗಿದ್ದರು?

ಹಿಂಗಾರಿ ಜೋಳದ ಕೊಯ್ಲಿಗೆಂದು ಹುಬ್ಬಳ್ಳಿಯಿಂದ ಊರಿಗೆ ಬಂದಿದ್ದ ಅಕ್ಕನ ಮಗ ಸಂಜೆಯಾದರೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಚ್ಚಿಕೊಂಡು ಕೂಡುತ್ತಿದ್ದ. ಆಡುತ್ತಿದ್ದದ್ದು ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ರೆಸಿಡೆಂಟ್ ಈವಿಲ್ 5’, 2009ರ ಆಟ. ಕ್ರಿಸ್ ರೆಡ್‌ಫೀಲ್ಡ್ ಎಂಬ ಅಮೆರಿಕದ ದಾಂಡಿಗ ಆಫ್ರಿಕಾದ ಕಿಜುಜು ಎಂಬ ಕಾಲ್ಪನಿಕ ಊರಿಗೆ ಹೋಗುತ್ತಾನೆ. ಊರಿನವರು ಕೊಡಲಿ, ಮಚ್ಚು ಹಿಡಿದು ಮೈಮೇಲೆ ಬರುತ್ತಾರೆ. ಇವನು ಗುಂಡು ಹೊಡೆಯುತ್ತ ನಡೆಯುತ್ತಾನೆ. ಹಿಟ್ಟು ಸಾಣಿಸುತ್ತಿದ್ದ ನಮ್ಮವ್ವ ಒಂದು ಗಳಿಗೆ ನೋಡಿ ಕೇಳಿದಳು:

“ಅಂವಾ ಅವರ ಊರಿಗೆ ಯಾಕ ಹೋಗ್ಯಾನೋ?”

“ಅವ್ರೆಲ್ಲಾ ದೆವ್ವ ಆಗ್ಯಾರ ಆಯಿ.”

“ದೆವ್ವ ಆಗೋಕಿಂತ ಮೊದ್ಲ ಏನಾಗಿದ್ರು?”

ಹುಡುಗ ಸುಮ್ಮನಾದ.

2007ರಲ್ಲಿ ಈ ಆಟದ ಟ್ರೇಲರ್ ಬಂದಾಗಲೇ ಜಗಳ ಎದ್ದಿತ್ತು. ಬಿಳಿಯ ನಾಯಕ, ಹೆಸರಿಲ್ಲದ ಕಪ್ಪು ಜನರ ಗುಂಪು, ನಡುವೆ ಬಂದೂಕು. ಸರಣಿಯ ಎರಡನೆಯ ಆಟ 2019ರಲ್ಲಿ, ಮೂರನೆಯದು 2020ರಲ್ಲಿ, ನಾಲ್ಕನೆಯದು 2023ರಲ್ಲಿ ರೀಮೇಕ್ ಆದ ಮೇಲೆ ‘ಮುಂದೆ ಐದನೆಯದು’ ಎಂಬ ಕೂಗು ಶುರುವಾಗಿ ಹಳೇ ಜಗಳಕ್ಕೂ ಜೀವ ಬಂದಿದೆ. ಆಫ್ರಿಕಾವನ್ನೇ ಕಿತ್ತುಹಾಕಿ ಎನ್ನುವವರು ಒಂದು ಕಡೆ. ಆಟವನ್ನು ಆಟವಾಗಿ ನೋಡಿ, ಒಂದು ಕೂದಲೂ ಮುಟ್ಟಬೇಡಿ ಎನ್ನುವವರು ಇನ್ನೊಂದು ಕಡೆ. ನಡುವೆ, ಕತ್ತಲೆ ಹೆಚ್ಚಿಸಿ, ರಾಕ್ಷಸರನ್ನು ಹೆಚ್ಚಿಸಿ, ಆಗ ಹೆದರಿಕೆ ಹುಟ್ಟುತ್ತದೆ ಎನ್ನುವ ಅಭಿಮಾನಿಗಳು. ಮೂವರಿಗೂ ರೋಗ ತಿಳಿದಿಲ್ಲ ಎಂಬುದು ನನ್ನ ತಕರಾರು. ಆ ಆಟ ಜನರನ್ನು ಅವಮಾನಿಸಿದ್ದು ಯಾವ ಕಾರಣಕ್ಕೋ, ಹೆದರಿಸದೆ ಹೋದದ್ದೂ ಅದೇ ಕಾರಣಕ್ಕೆ. ಊರಿನವರು ಮೊದಲು ಏನಾಗಿದ್ದರು ಎಂದು ಅದು ತೋರಿಸಲೇ ಇಲ್ಲ.

ರೀಮೇಕಿನ ವಿಷಯದಲ್ಲಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ನಮ್ಮಲ್ಲಿ ‘ಆಪ್ತಮಿತ್ರ’ವಾಯಿತು. ಇಲ್ಲಿಗೆ ಬರುವಾಗ ಮೂಲದಲ್ಲಿಲ್ಲದ ಒಂದು ಭಾರೀ ಹಾವೂ ಜೊತೆಗೆ ಬಂತು. ಆ ಹಾವಿಗೆ ಹೆದರಿದವರನ್ನು ನಾನಂತೂ ಕಾಣೆ. ಹೆದರಿಸಿದ್ದು ನಟಿ ಸೌಂದರ್ಯ. ಅರ್ಧ ಸಿನಿಮಾ ಮನೆಯ ಸೊಸೆಯಾಗಿ ನಕ್ಕು ಮಾತಾಡಿದವಳ ಕಣ್ಣು ಒಮ್ಮೆಲೇ ಬೇರೆ ಯಾರದ್ದೋ ಆದಾಗ ಬೆನ್ನು ತಣ್ಣಗಾಯಿತು. ಮೊದಲ ದೃಶ್ಯದಿಂದಲೇ ಆಕೆ ಆ ಇನ್ನೊಬ್ಬಳು, ಅಂದರೆ ನಾಗವಲ್ಲಿ, ಆಗಿದ್ದರೆ ಪ್ರೇಕ್ಷಕರು ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದರು.

ನಾಲ್ಕನೆಯ ಆಟಕ್ಕೆ ಈ ಗುಟ್ಟು ಸ್ವಲ್ಪ ಗೊತ್ತಿತ್ತು. ಸ್ಪೇನಿನ ಹಳ್ಳಿಯ ಅಂಚಿನಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದರೆ ಒಬ್ಬ ಹುಲ್ಲು ಎತ್ತಿಹಾಕುತ್ತಿರುತ್ತಾನೆ, ಇನ್ನೊಬ್ಬಳು ಬಕೆಟ್ ಹೊತ್ತು ಹೋಗುತ್ತಿರುತ್ತಾಳೆ. ಅದೇ ಬಯಲಿನಲ್ಲಿ ಒಬ್ಬ ಪೊಲೀಸಿನವನ ದೇಹ ಉರಿಯುತ್ತಿರುತ್ತದೆ. ದಿನದ ಕೆಲಸ ಮಾತ್ರ ನಿಂತಿಲ್ಲ. ಆ ದೃಶ್ಯ ಇಂದಿಗೂ ನೆನಪಿದೆ. ಐದನೆಯದರಲ್ಲಿ ಉಳಿದದ್ದು ಜೀಪಿನ ಮೇಲಿನ ಮಷಿನ್ ಗನ್ನು, ರೈಫಲ್ ಹಿಡಿದ ದೆವ್ವಗಳು, ಕೊನೆಗೆ ಜ್ವಾಲಾಮುಖಿಯೊಳಗೆ ಬಂಡೆಗೆ ಮುಷ್ಟಿಯಿಂದ ಗುದ್ದುವ ನಾಯಕ.

ಆದರೂ ಅದರೊಳಗೆ ಒಂದು ಡೈರಿ ಬಿದ್ದಿದೆ. ಜೌಗು ಪ್ರದೇಶದ ಒಬ್ಬ ತರುಣ ಬರೆದದ್ದು. ಎಣ್ಣೆ ಬಾವಿಯ ಕಡೆಯವರು ಊರಿಗೆ ಬಂದು ರೋಗ ಬರಬಾರದೆಂದು ಲಸಿಕೆ ಹಾಕುತ್ತಾರೆ. ದಿನ ಕಳೆದಂತೆ ಊರಿನವರು ಬದಲಾಗುತ್ತಾರೆ, ಬರೆಯುವವನೂ ಬದಲಾಗುತ್ತಾನೆ. ಇಡೀ ಆಟದಲ್ಲಿ ನನಗೆ ನಡುಕ ಹುಟ್ಟಿಸಿದ್ದು ಈ ಒಂದು ಕಾಗದ. ಹೊರಬಂದರೆ ಅದೇ ಊರಿನವರಿಗೆ ಹುಲ್ಲಿನ ಲಂಗ ಉಡಿಸಿ, ಮುಖವಾಡ ಹಾಕಿಸಿ, ಈಟಿ ಕೊಟ್ಟು ಓಡಿಸಿದ್ದಾರೆ! ಡೈರಿ ಬರೆದವನು ಆ ಗುಂಪಿನಲ್ಲಿ ಯಾರು ಎಂದು ಗುಂಡು ಹೊಡೆಯುವವನಿಗೆ ಗೊತ್ತಾಗುವುದೇ ಇಲ್ಲ.

ಹೊರಗಿನಿಂದ ನೋಡುವವನಿಗೆ ಹಳ್ಳಿಯ ಜನ ಯಾವತ್ತೂ ಗುಂಪೇ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ನಮ್ಮ ಕಡೆಯ ನವಲಗುಂದ, ನರಗುಂದಗಳಲ್ಲಿ ರೈತರು ಎದ್ದಾಗಲೂ ಹೀಗೇ ಆಯಿತು. ಗೋಲಿಬಾರಿನಲ್ಲಿ ರೈತರು ಸತ್ತರು, ನರಗುಂದದಲ್ಲಿ ಪೊಲೀಸರೂ ಸತ್ತರು. ದೂರದವರಿಗೆ ಅದು ‘ಉದ್ರಿಕ್ತ ಗುಂಪು’, ನಮಗೆ ಒಬ್ಬೊಬ್ಬರ ಮನೆತನ, ಹೊಲ, ಸಾಲ ಎಲ್ಲ ಗೊತ್ತು. ನಾಲ್ಕನೆಯ ಆಟದಲ್ಲಿ ಸ್ಪೇನಿನ ಬಿಳಿಯರನ್ನು ಕೊಂದಾಗ ಸುಮ್ಮನಿದ್ದವರು ಈಗೇಕೆ ಕೂಗುತ್ತೀರಿ ಎನ್ನುವವರಿಗೂ ನನ್ನ ಉತ್ತರ ಇದೇ: ಆಗಲೂ ಕೂಗಬೇಕಿತ್ತು. ಈ ಸರಣಿಗೆ ಹಳ್ಳಿಯೆಂದರೆ ದೆವ್ವದ ಗೂಡು. 2021ರ ಆಟದ ಹೆಸರೇ ‘ವಿಲೇಜ್’.

ಕತ್ತಲೆ ಕೇಳುವವರು ಒಮ್ಮೆ ಏಪ್ರಿಲ್‌ನಲ್ಲಿ ಬೆಣ್ಣೆಹಳ್ಳದ ಕಡೆ ಬನ್ನಿ. ಎರೆಭೂಮಿ ಬಿರುಕು ಬಿಟ್ಟಿರುತ್ತದೆ, ಕಣ್ಣು ಹಾಯಿಸಿದಷ್ಟು ದೂರ ನೆರಳಿಲ್ಲ, ನರಪಿಳ್ಳೆಯಿಲ್ಲ. ಮಟಮಟ ಮಧ್ಯಾಹ್ನ ಹುಣಸೇಮರದ ಕೆಳಗೆ ಹೋಗಬೇಡ ಎಂದು ನಮ್ಮವ್ವ ಗದರುತ್ತಿದ್ದಳು, ರಾತ್ರಿಯ ಬಗ್ಗೆ ಅಷ್ಟು ಗದರಿದ ನೆನಪಿಲ್ಲ. ಕಿಜುಜುವಿನ ಬಿಸಿಲು ಆ ಆಟದ ಆಸ್ತಿ. ಅದನ್ನು ರಾತ್ರಿ ಮಾಡಿದರೆ ಇನ್ನೊಂದು ಮಾಮೂಲಿ ದೆವ್ವದ ಮನೆಯಾಗುತ್ತದೆ, ಅಷ್ಟೇ.

ಜೊತೆಗಾತಿ ಶೇವಾ ಅಲೋಮರ್ ಸದಾ ಪಕ್ಕದಲ್ಲಿರುವುದರಿಂದ ಹೆದರಿಕೆ ಹೋಯಿತು ಎಂಬ ದೂರಿದೆ. ಒಪ್ಪುತ್ತೇನೆ, ಆದರೆ ಅವಳನ್ನು ತೆಗೆಯಬೇಕಿಲ್ಲ. ಅವಳು ಆಫ್ರಿಕಾದವಳು. ಎದುರು ಬರುವವರಲ್ಲಿ ಒಬ್ಬನ ಗುರುತು ಅವಳಿಗೆ ಹತ್ತಿ ಕೈ ತಡೆದರೆ ಸಾಕು.

ಕ್ಯಾಪ್‌ಕಾಮ್‌ನವರೇ, ರೀಮೇಕ್ ಮಾಡುವುದಾದರೆ ಮೊದಲ ಒಂದು ತಾಸು ಬಂದೂಕು ಕೊಡಬೇಡಿ. ಡೈರಿ ಬರೆದ ಆ ತರುಣನನ್ನು ನಮ್ಮ ಕೈಗೆ ಕೊಡಿ. ಅವನು ಸಂತೆಗೆ ಹೋಗಲಿ, ಮೀನು ಹಿಡಿಯಲಿ, ಅವ್ವನ ಜೊತೆ ಜಗಳಾಡಲಿ, ಲಸಿಕೆಯ ಸಾಲಿನಲ್ಲಿ ನಿಲ್ಲಲಿ. ಆಮೇಲೆ ಕ್ರಿಸ್ ಬರಲಿ. ಬಂಡೆ ಗುದ್ದುವುದನ್ನು ಬೇಕಾದರೆ ಹಾಗೇ ಇಟ್ಟುಕೊಳ್ಳಿ, ನಮ್ಮ ಹುಡುಗ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಾನೆ.