ಸಾಲದ ಕಾರ್ಡು ತಿಳಿಯುವ ಭಾಷೆಯಲ್ಲಿರಲಿ

ಮುಂಗಾರು ಬಿದ್ದೊಡನೆ ಬೀಜಕ್ಕೂ ಗೊಬ್ಬರಕ್ಕೂ ಹಣ ಬೇಕು. ನಮ್ಮ ಆದವಾನಿ ಸೀಮೆಯ ರೈತ ಬಾಂಧವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟಾದಾರ ಪಾಸ್ ಪುಸ್ತಕವುಳ್ಳವನು ಬ್ಯಾಂಕಿನ ಮೆಟ್ಟಿಲು ಹತ್ತಬಲ್ಲ; ಗುತ್ತಿಗೆಗೆ ಹೊಲ ಮಾಡುವವನಿಗೆ, ನಾಲ್ಕು ಕುರಿ ಕಟ್ಟಿಕೊಂಡ ಹೆಂಗಸಿಗೆ ಅದು ಕಷ್ಟ. ಇಂಥವರ ಬಾಗಿಲಿಗೆ ಬಂದು, ಅಡವಿಲ್ಲದೆ, ಗುಂಪಿನವರ ಹೊಣೆಯ ಮೇಲೆ ಹಣ ಕೊಟ್ಟವು ಬ್ಯಾಂಕಲ್ಲದ ಕಿರುಸಾಲದ ಕಂಪೆನಿಗಳು. ಇದನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ.

ಆದರೆ ಇದೇ ಆಂಧ್ರದಲ್ಲಿ 2010ರಲ್ಲಿ ನಡೆದುದನ್ನೂ ಮರೆಯಲಾಗದು. ಒಂದೇ ಮನೆಗೆ ಹಲವು ಕಂಪೆನಿಗಳು ಸಾಲ ಕೊಟ್ಟವು. ಒಂದರ ಕಂತಿಗೆ ಇನ್ನೊಂದರ ಸಾಲ ಎಂಬಂತಾಯಿತು. ವಸೂಲಿಯ ಕಾಟ, ಆತ್ಮಹತ್ಯೆಗಳ ಸುದ್ದಿ. ಅಕ್ಟೋಬರದಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ವಸೂಲಿ ಕುಸಿಯಿತು, ಅದರೊಡನೆ ಹೊಸ ಸಾಲವೂ ನಿಂತಿತು. ಎಷ್ಟೋ ಮಂದಿಗೆ ಮತ್ತೆ ಸಾಹುಕಾರನ ಜಗುಲಿಯೇ ಗತಿಯಾಯಿತು.

ಆದುದರಿಂದ ಕಂಪೆನಿ ಬೇಡವೆನ್ನುವವರು ನಾವಲ್ಲ. ರಿಜರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿಯಮಗಳು ಒಳ್ಳೆಯವೇ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಮನೆಗೆ ಕೊಡುವ ಈ ಸಾಲಕ್ಕೆ ಅಡವು ಕೇಳಕೂಡದು. ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಕಂತಿನ ಅವಧಿ ಸಾಲಗಾರನ ಅನುಕೂಲಕ್ಕೆ ಹೊಂದಬೇಕು. ಹತ್ತಿ ಬಿಡಿಸುವ ಮೊದಲೇ ವಾರದ ಕಂತು ಎಲ್ಲಿಂದ ಬಂದೀತು? ಎಲ್ಲಕ್ಕಿಂತ ಮುಖ್ಯವಾಗಿ ನಮಗೆ ತೋರಿದ್ದು ಬೇರೊಂದು: ಸಾಲದ ಕಾರ್ಡಿನ ಬರಹವೆಲ್ಲ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು.

ರಾಜ್ಯದ ಭಾಷೆ ಎಂದು ನಿಯಮದಲ್ಲಿಲ್ಲ, ಗಮನಿಸಿರಿ. ಗಡಿಯಲ್ಲಿರುವ ನಮಗೆ ಈ ಮಾತಿನ ಬೆಲೆ ದೊಡ್ಡದು. ಮಕ್ಕಳ ತಾಯಂದಿರು ಶಾಲೆಗೆ ತಂದು ತೋರಿಸುವ ಕಾರ್ಡುಗಳು ತೆಲುಗಿನವು, ಇಲ್ಲವೆ ಇಂಗ್ಲಿಷಿನವು. ತೆಲುಗಿನ ಅಕ್ಷರ ನಮ್ಮದಕ್ಕೆ ಹತ್ತಿರವಾದುದರಿಂದ ಕೂಡಿಸಿ ಕೂಡಿಸಿ ಓದುತ್ತಾರೆ, ಓದಿದ್ದೆಲ್ಲ ತಿಳಿಯಿತೆಂದಲ್ಲ. ವಿಮೆಗೆಂದು ಮುರಿದುಕೊಂಡ ಹಣವನ್ನು ಒಬ್ಬ ತಾಯಿ ವರ್ಷವಿಡೀ ಬಡ್ಡಿಯೆಂದೇ ನಂಬಿದ್ದರು. ಒಪ್ಪಿಗೆಯಿಲ್ಲದೆ ವಿಮೆ ಅಂಟಿಸುವಂತಿಲ್ಲವೆಂಬ ನಿಯಮವೂ ಉಂಟು!

ಬಡ್ಡಿಯ ಲೆಕ್ಕವನ್ನೂ ನೋಡಿರಿ. 10,000 ರೂಪಾಯಿಗೆ ನೂರಕ್ಕೆ 12ರಂತೆ 1,200 ಬಡ್ಡಿ, ಹನ್ನೆರಡು ತಿಂಗಳ ಸಮ ಕಂತು ಎಂದು ಯಾರಾದರೂ ಹೇಳಿದರೆ ಅಗ್ಗವಾಗಿ ಕಾಣುತ್ತದೆ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆಯೇ ಬಿದ್ದಿರುತ್ತದೆ. ನಿಜವಾದ ದರ ನೂರಕ್ಕೆ 21ನ್ನು ದಾಟುತ್ತದೆ. ಈ ವಾರ್ಷಿಕ ದರವನ್ನು ಹಾಳೆಯಲ್ಲಿ ಬರೆದುಕೊಡುವುದು ಕಂಪೆನಿಯ ಕರ್ತವ್ಯ.

ಕಂಪೆನಿಯವರು ಮುಂದಿನ ಸಲ ಬಂದಾಗ ಕನ್ನಡದ ಕಾರ್ಡನ್ನೇ ಕೇಳಿರಿ. ಇಲ್ಲವೆಂದರೆ ಕಂಪೆನಿಯ ದೂರು ಅಧಿಕಾರಿಗೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಅರ್ಜಿ ಬರೆದುಕೊಡಲು ಶಾಲೆಯ ಮೇಷ್ಟರುಗಳಾದ ನಾವಿದ್ದೇವೆ. ಶನಿವಾರ ಸಂಜೆ ಕಾರ್ಡು ಹಿಡಿದುಕೊಂಡು ಬನ್ನಿರಿ.