ಮಗಳಿಗೆ ಸೈಕಲ್ ಕೊಡಿಸಿದರೆ ಸಾಕೇ? ದಾರಿ ಕೊಡೋರು ಯಾರು?

ಕಳೆದ ವಾರ ಲಕ್ಷ್ಮೇಶ್ವರದ ಓದುಗ ಅಕ್ಕ ಒಬ್ಬರ ಪತ್ರ ಬಂತು. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದಲ್ಲಿ ಇದ್ದದ್ದು ಇಷ್ಟು: "ನಮ್ಮ ಮಗಳು ಎಂಟನೇತ್ತೆ ಓದಾಕತ್ತಾಳ್ರಿ. ಸಾಲಿ ಮನಿಯಿಂದ ಎರಡೂವರಿ ಕಿಲೋಮೀಟರ್ ಆಗತೈತಿ. ಸೈಕಲ್ ಕೊಡಸ್ರಿ ಅಂತ ಗಂಟು ಬಿದ್ದಾಳ. ಅವರಪ್ಪ ರಸ್ತಾ ಛಲೋ ಇಲ್ಲ, ಲಾರಿ ಅಡ್ಡಾಡತಾವ, ಬ್ಯಾಡ ಅಂತಾರ. ನಮ್ಮತ್ತಿ, ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನ ಯಾಕ ಸೈಕಲ್ ಅಂತಾರ. ನಾ ಏನ್ ಮಾಡ್ಲಿ?"

ಅತ್ತೆಯವರ ಮಾತಿಗೆ ಉತ್ತರ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಮೈನೆರೆದ ಹುಡುಗಿ ಸೈಕಲ್ ಹೊಡೆದರೆ ಯಾವ ತೊಂದರೆಯೂ ಇಲ್ಲ. ತಿಂಗಳ ದಿನಗಳಲ್ಲಿಯೂ ಅವಳಿಗೆ ಸುಸ್ತು, ಹೊಟ್ಟೆನೋವು ಇಲ್ಲದಿದ್ದರೆ ಧಾರಾಳವಾಗಿ ಹೋಗಲಿ. ಇನ್ನೂ ಅನುಮಾನ ಇದ್ದರೆ ನಿಮ್ಮೂರ ಲೇಡಿ ಡಾಕ್ಟರ್ ಹತ್ತಿರ ಅತ್ತೆಯವರನ್ನೇ ಕರೆದುಕೊಂಡು ಹೋಗಿ ಕೇಳಿಸಿಬಿಡಿ. ನಾವು ಹೇಳಿದರೆ ಕೇಳದವರು ಡಾಕ್ಟರಮ್ಮ ಹೇಳಿದರೆ ಕೇಳುತ್ತಾರೆ.

ಅಪ್ಪನ ಮಾತಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಯಾಕೆಂದರೆ ಆತ ಹೇಳಿದ್ದು ಖರೆ ಐತಿ.

ನಾನೂ ಒಂದು ಕಾಲಕ್ಕೆ ಆ ಹುಡುಗಿಯೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗ ನಾನು ಎಂಟನೇತ್ತೆಯಲ್ಲಿದ್ದೆ. ಅಪ್ಪ ಬೆಟಗೇರಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು. ಮನೆಗೆ ಬಂದ ಮೊದಲ ಗಾಡಿ ಅಂದರೆ ನನ್ನ ಆ ಸೈಕಲ್ಲೇ. ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ನಿಂಬೆಹಣ್ಣಿನ ಮೇಲೆ ಹಾಯಿಸಿದ್ದೆವು. ಬೆಟಗೇರಿಯಿಂದ ಗದಗಕ್ಕೆ ಗಾಳಿಗೆ ಎದುರಾಗಿ ಪೆಡಲ್ ತುಳಿಯುವುದು (ಆಷಾಢದ ಗಾಳಿ ನಮ್ಮ ಕಡೆ ಹೆಂಗೆ ಬೀಸುತ್ತದೆ ಅಂತ ಗದಗಿನವರಿಗೆ ಹೇಳಬೇಕಿಲ್ಲ, ಸುಮ್ಮನೇ ಅಷ್ಟು ಗಾಳಿಕಂಬ ಇಲ್ಲಿ ಬಂದು ನಿಂತಿಲ್ಲ), ಬರುವಾಗ ಅದೇ ಗಾಳಿ ಬೆನ್ನಿಗೆ ಕೂತು ಮನೆಗೆ ತಂದುಬಿಡುವುದು, ಆ ಖುಷಿ ಬೇರೆ.

ಪಿಯುಸಿಗೆ ಬಂದ ಮೇಲೆ ಸಂಜೆ ಟೈಪಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ. ಮೂರನೇ ವಾರ ಇರಬೇಕು. ಎರಡು ಟ್ರೇಲರ್ ಎಳೆದುಕೊಂಡು ಬಂದ ಟ್ರ್ಯಾಕ್ಟರ್ ಒಂದು ಬದಿಗೆ ಒತ್ತಿತು. ನಾನು, ಸೈಕಲ್ಲು, ಪುಸ್ತಕ ಎಲ್ಲ ಗಟಾರದಲ್ಲಿ. ಆದ ಗಾಯ ಮೊಳಕಾಲಿಗೆ ಮಾತ್ರ, ಎಂಟು ದಿನದಲ್ಲಿ ಒಣಗಿತು. ಆದರೆ ಅಪ್ಪ ಸೈಕಲ್ಲಿಗೆ ಕೀಲಿ ಹಾಕಿದರು. ಟೈಪಿಂಗ್ ನಿಂತಿತು. ಮುಂದೆ ಬಿ.ಎ. ಏನೋ ಮಾಡಿದೆ, ಆದರೆ ಓಣಿಯ ನಾಲ್ಕು ಹುಡುಗಿಯರ ಜೊತೆ ಅವರು ಹೋದಾಗ ಹೋಗಿ, ಅವರು ಬಂದಾಗ ಬಂದು. ಇವತ್ತಿಗೂ ನಾನು ಈ ಲೇಖನಗಳನ್ನು ಕೈಯಲ್ಲೇ ಬರೆದು ಬೇರೆಯವರಿಂದ ಟೈಪ್ ಮಾಡಿಸುತ್ತೇನೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ನನಗೂ ಈಗ ಐದನೇತ್ತೆಯ ಮಗಳಿದ್ದಾಳೆ.

ಮನೆ ಮನೆಯಲ್ಲೂ ನಡೆಯುವುದು ಹೀಗೇ ನೋಡ್ರಿ. ರಸ್ತೆ ಸರಿ ಇಲ್ಲ ಅಂದರೆ ರಸ್ತೆ ಸರಿ ಮಾಡ್ರಿ ಅನ್ನುವವರು ಕಡಿಮೆ, ಹುಡುಗಿಯನ್ನು ಮನೆಯಲ್ಲಿ ಕೂಡಿಸೋಣ ಅನ್ನುವವರೇ ಹೆಚ್ಚು. ಅದಕ್ಕೇ ಸೈಕಲ್ ಪಥದ ಮಾತನ್ನು ಈ ಪುಟದಲ್ಲಿ ಎತ್ತಿದ್ದೇನೆ. ಇದು ಬೆಂಗಳೂರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಐವತ್ತು ಸಾವಿರದ ಸೈಕಲ್ ಹೊಡೆಯುವ ಕಂಪ್ಯೂಟರ್ ಕಂಪನಿಯವರ ಶೋಕಿ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ. ಗದಗ-ಬೆಟಗೇರಿಯಂಥ, 2011ರ ಜನಗಣತಿಯಲ್ಲಿ 1.72 ಲಕ್ಷ ಜನರಿದ್ದ ಊರಿನಲ್ಲಿ ಸೈಕಲ್ ಹೊಡೆಯುವವರು ಯಾರು? ಸಾಲಿ ಮಕ್ಕಳು, ಹಾಲಿನವರು, ಮಗ್ಗಕ್ಕೆ ಹೋಗುವವರು, ಗೌಂಡಿ ಕೆಲಸದವರು, ಪೇಪರ್ ಹಾಕುವ ಹುಡುಗರು. ಈ ಪೇಪರ್ ಬೆಳಗ್ಗೆ ನಿಮ್ಮ ಮನೆ ಬಾಗಿಲಿಗೆ ಬಂದದ್ದೂ ಬಹುಶಃ ಸೈಕಲ್ ಮೇಲೆಯೇ.

ಸೈಕಲ್ ಒಂದರಿಂದ ಹುಡುಗಿಯರ ಓದು ಎಷ್ಟು ಮುಂದೆ ಹೋಗುತ್ತದೆ ಅನ್ನುವುದಕ್ಕೆ ಲೆಕ್ಕವೇ ಇದೆ. ಬಿಹಾರದಲ್ಲಿಯೂ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32% ಹೆಚ್ಚಿದ್ದು, ಹುಡುಗ-ಹುಡುಗಿಯರ ನಡುವಿನ ಅಂತರ 40% ತಗ್ಗಿದ್ದು ಕಂಡುಬಂತು. ತಮಿಳುನಾಡಿನ ಪುದುಕ್ಕೋಟ್ಟೈನಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸೈಕಲ್ ಕಲಿಸಿದರು. ಶೀಲಾ ರಾಣಿ ಚುಂಕತ್ ಆಗ ಅಲ್ಲಿ ಜಿಲ್ಲಾಧಿಕಾರಿ. ಹೊಲದ ಕೆಲಸದ, ಕಲ್ಲು ಕ್ವಾರಿಯ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸೈಕಲ್ ಹತ್ತಿದರು. ನಮ್ಮ ರಾಜ್ಯದ ಯೋಜನೆ ಮುಂದೆ ಗಂಡುಮಕ್ಕಳಿಗೂ ವಿಸ್ತರಿಸಿತು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ನಿಂತದ್ದು ಮಾತ್ರ ಶಾಲೆ ತೆರೆದ ಮೇಲೂ ವರ್ಷಗಟ್ಟಲೆ ಶುರುವಾಗಲಿಲ್ಲ.

ಸೈಕಲ್ ಕೊಟ್ಟಾಗಲಾದರೂ ಅದು ಓಡುವ ದಾರಿಯ ಬಗ್ಗೆ ಯಾರಾದರೂ ಯೋಚಿಸಿದ್ದರೇ? ನನಗಂತೂ ಯಾರೂ ದಾರಿ ತೋರಿಸಲಿಲ್ಲ, ಗಟಾರ ಸಿಕ್ಕಿತು.

"ಈಗ ಬಸ್ ಪುಕ್ಕಟೆ ಐತಲ್ಲ" ಅನ್ನಬಹುದು. ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮಗೆಲ್ಲ ದೊಡ್ಡ ಅನುಕೂಲ ಆಗಿದೆ. ಮುಂಡರಗಿಯಿಂದ ಗದಗಿಗೆ, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಕಾಲೇಜಿಗೆ ಬರುವ ಹುಡುಗಿಯರು ಹೆಚ್ಚಾಗಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನೀವೇ ನೋಡಬಹುದು. ಆದರೆ ಬಸ್ ಬಂದು ನಿಲ್ಲುವುದು ಬಸ್‌ಸ್ಟ್ಯಾಂಡಿಗೆ, ಸಾಲಿ ಬಾಗಿಲಿಗಲ್ಲ. ಉಳಿದ ಎರಡು ಕಿಲೋಮೀಟರಿಗೆ ಟಂಟಂ. ಅದರಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ ನಾವೇ ದಿನಾ ನೋಡಿ ಸುಮ್ಮನಿರುತ್ತೇವೆ.

ಇನ್ನು ಕೆಲವರು ಒಂಬತ್ತನೇತ್ತೆಗೇ ಸ್ಕೂಟಿ ಕೊಡಿಸುತ್ತಾರೆ. ಅಕ್ಕಾ, ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಈಗ ಓಡಾಡುವ ಸ್ಕೂಟಿಗಳಿಗೆ ಲೈಸೆನ್ಸ್ ಸಿಗಲು 18 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ದಂಡದ ಮಾತು ಬಿಡಿ, ಹದಿನಾಲ್ಕರ ಕೈಗೆ ಆಕ್ಸಿಲರೇಟರ್ ಕೊಡುವ ಧೈರ್ಯ ಮಾಡುವವರು ಸೈಕಲ್ಲಿಗೆ ಯಾಕೆ ಹೆದರುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಾಗಾದರೆ ಊರ ತುಂಬ ಸೈಕಲ್ ಪಥ ಮಾಡಬೇಕೇ? ನನ್ನ ಅಭಿಪ್ರಾಯದಲ್ಲಿ, ಎಲ್ಲಾ ಕಡೆ ಬೇಡ. ಸಂತೆ ಬೀದಿ, ಬಜಾರಿನ ರಸ್ತೆಗಳಲ್ಲಿ ಅಂಚಿಗೆ ಕೂತು ಕೊತ್ತಂಬರಿ, ಮೆಂತ್ಯಪಲ್ಯ, ಹೂವು ಮಾರುವವರು ನಮ್ಮಂಥ ಹೆಣ್ಣುಮಕ್ಕಳೇ. ಸೈಕಲ್ಲಿಗೆ ದಾರಿ ಅಂತ ಅವರ ಬುಟ್ಟಿ ಎತ್ತಿಸಿದರೆ ಒಬ್ಬ ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದು ಇನ್ನೊಬ್ಬಳಿಗೆ ದಾರಿ ಮಾಡಿದಂತೆ. ಆ ಬೀದಿಗಳಲ್ಲಿ ಹೆಂಗೂ ಗಾಡಿಗಳು ಜೋರಾಗಿ ಓಡಲು ಆಗುವುದಿಲ್ಲ, ಲಾರಿಗಳನ್ನು ಹಗಲು ಹೊತ್ತು ಒಳಗೆ ಬಿಡದಿದ್ದರೆ ಸಾಕು. ಓಣಿಗಳಲ್ಲಿಯೂ ಬೇರೆ ಪಥ ಬೇಕಿಲ್ಲ.

ಬೇಕಾದದ್ದು ದೊಡ್ಡ ರಸ್ತೆಗಳಿಗೆ. ಗದಗ ಮತ್ತು ಬೆಟಗೇರಿಯನ್ನು ಸೇರಿಸುವ ರಸ್ತೆ, ಮುಳಗುಂದ ನಾಕಾದಿಂದ ಹೊರಗೆ ಹೋಗುವ ರಸ್ತೆಗಳು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಲೆ-ಕಾಲೇಜು ಇರುವ ಹೊರರಸ್ತೆಗಳು, ಇಂಥಲ್ಲಿ. ಗಾಡಿ ಜೋರಾಗಿ ಓಡುವ, ಅಗಲವೂ ಇರುವ ಕಡೆ. ಪ್ರತಿ ಬದಿಗೆ ಆರೇಳು ಅಡಿ ಸಿಕ್ಕರೆ ಇಬ್ಬರು ಗೆಳತಿಯರು ಮಾತಾಡಿಕೊಂಡು ಹೋಗಬಹುದು. ನೀವು ಆ ರಸ್ತೆಗಳ ಅಂಚನ್ನು ಒಮ್ಮೆ ನೋಡಿ. ಆ ಆರೇಳು ಅಡಿ ಈಗಲೂ ಇರುತ್ತದೆ, ಆದರೆ ಅದರ ಮೇಲೆ ಮರಳಿನ ರಾಶಿ, ನಿಲ್ಲಿಸಿದ ಕಾರು, ಮುಚ್ಚದ ಗಟಾರ ಇರುತ್ತವೆ. ಹೊಸ ಜಾಗ ಹುಡುಕಬೇಕಿಲ್ಲ. ಗಟಾರಕ್ಕೆ ಗಟ್ಟಿ ಕಲ್ಲು ಮುಚ್ಚಿ, ಡಾಂಬರಿನ ಅಂಚಿಗೂ ಮಣ್ಣಿಗೂ ಇರುವ ಏರುತಗ್ಗು ಸಮ ಮಾಡಿದರೆ ಅರ್ಧ ಕೆಲಸ ಆಯಿತು. ಬಿಸಿಲಿನ ಊರು ನಮ್ಮದು, ಬದಿಗೆ ಬೇವಿನ ಗಿಡ ಹಚ್ಚಿದರೆ ಇನ್ನೂ ಛಲೋ.

ಮತ್ತೆ ಬರೀ ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಆಗುವುದಿಲ್ಲ. ಬೆಂಗಳೂರಿನ ಜಯನಗರದಲ್ಲಿ ಮಾಡಿದ ಸೈಕಲ್ ಪಥ ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಬೇರ್ಪಡಿಸಿದರು, ಅದರೊಳಗೂ ಮೋಟರ್ ಸೈಕಲ್ ನುಗ್ಗಿದವು, ಆಮೇಲೆ ಮೆಟ್ರೊ ಕೆಲಸ ಬಂದು ಕಂಬಗಳೂ ಹೋದವು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ 450 ಬಾಡಿಗೆ ಸೈಕಲ್ ಇಟ್ಟು ಶುರು ಮಾಡಿದರು, ಜನ ಇಷ್ಟಪಟ್ಟರು. ಹುಬ್ಬಳ್ಳಿಯಲ್ಲಿ ಸ್ಮಾರ್ಟ್ ಸಿಟಿ ಹಣದಲ್ಲಿ ಉಣಕಲ್ ನಾಲಾ ಬದಿಗೆ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿ ಮಾಡಿದರು. ಸ್ಮಾರ್ಟ್ ಸಿಟಿ ರಾಜ್ಯದ ಏಳು ಊರುಗಳಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಆದರೆ ಗಟಾರ ಮುಚ್ಚಲು ಸ್ಮಾರ್ಟ್ ಸಿಟಿ ಆಗಬೇಕೇನು?

"ನಾವು ಹೆಣ್ಣುಮಕ್ಕಳು ಕೇಳಿದರ ಯಾರ ಮಾಡ್ತಾರ್ರೀ" ಅನ್ನಬೇಡಿ. ಇವತ್ತು ಸೈಕಲ್ಲಿನ ದೇಶ ಅಂತ ಹೆಸರಾದ ನೆದರ್‌ಲ್ಯಾಂಡ್ಸ್ ಮೊದಲಿನಿಂದ ಹಾಗಿರಲಿಲ್ಲ. ಕಾರುಗಳು ಹೆಚ್ಚಾಗಿ, 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅದರಲ್ಲಿ ನಾಲ್ಕು ನೂರಕ್ಕೂ ಮಿಕ್ಕಿ ಮಕ್ಕಳು. ಆಗ "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನ ಚಳವಳಿ ಎದ್ದಿತು. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ರಸ್ತೆಗೆ ಇಳಿದರು, ರಸ್ತೆ ತಡೆದು ಅಲ್ಲೇ ಮಕ್ಕಳನ್ನು ಆಡಲು ಬಿಟ್ಟರು. ಅಲ್ಲಿನ ಸೈಕಲ್ ಪಥಗಳ ಹಿಂದೆ ಆ ತಾಯಂದಿರ ಹಟ ಇದೆ.

ನಾವು ರಸ್ತೆಗೆ ಇಳಿಯುವ ಮೊದಲು ಕಚೇರಿ ಮೆಟ್ಟಿಲು ಹತ್ತೋಣ. ಲಕ್ಷ್ಮೇಶ್ವರದ ಅಕ್ಕಾ, ನೀವು ಹೀಗೆ ಮಾಡಿ. ಮಗಳ ಜೊತೆ ಒಂದು ದಿನ ಸಾಲಿಯ ತನಕ ನಡೆದುಕೊಂಡು ಹೋಗಿ. ಎಲ್ಲಿ ಗಟಾರ ತೆರೆದಿದೆ, ಎಲ್ಲಿ ತಿರುವಿನಲ್ಲಿ ಲಾರಿ ಕಾಣುವುದಿಲ್ಲ, ಎಲ್ಲಿ ಬೀದಿದೀಪ ಇಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದೇ ಶಾಲೆಯ ಇನ್ನೂ ಹತ್ತು ತಾಯಂದಿರ ಸಹಿ ಹಾಕಿಸಿ. ನಿಮ್ಮ ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಹತ್ತು ಸಹಿ ಹತ್ತು ನಿಮಿಷದ ಕೆಲಸ. ಅರ್ಜಿ ಕೊಡುವ ಮೊದಲು ಆ ರಸ್ತೆ ಯಾರದು ಅಂತ ಕೇಳಿಕೊಳ್ಳಿ. ಊರೊಳಗಿನದಾದರೆ ಪುರಸಭೆ, ದೊಡ್ಡ ರಸ್ತೆಯಾದರೆ ಲೋಕೋಪಯೋಗಿ ಇಲಾಖೆ, ಹೆದ್ದಾರಿಯಾದರೆ ಮತ್ತೆ ಬೇರೆ ಕಚೇರಿ. ಇದು ಗೊತ್ತಿಲ್ಲದೇ ಹೋದರೆ "ಇದು ನಮ್ಮದಲ್ಲವ್ವಾ" ಅನ್ನುವ ಮಾತು ಕೇಳಿಯೇ ಚಪ್ಪಲಿ ಸವೆಯುತ್ತದೆ. ಬಜೆಟ್ ಮಾಡುವ ಮುಂಚೆ ಪುರಸಭೆ, ನಗರಸಭೆಗಳು ಜನರ ಸಭೆ ಕರೆಯುತ್ತವೆ. ಹೆಂಗಸರು ಹೋಗುವುದಿಲ್ಲ ಅಂತ ಹೆಂಗಸರ ಮಾತು ಬಜೆಟ್ಟಿನಲ್ಲಿ ಬರುವುದಿಲ್ಲ. ಹೋಗಿ, ಅರ್ಜಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.

ಇದೆಲ್ಲ ಆಗುವ ತನಕ ಹುಡುಗಿ ಕಾಯಬೇಕೇ? ಬೇಡ. ಕಾಯುತ್ತ ಕೂತರೆ ಅವಳ ಎಸ್ಸೆಸ್ಸೆಲ್ಸಿ ಮುಗಿದಿರುತ್ತದೆ. ಸೈಕಲ್ ಕೊಡಿಸಿ. ಮೊದಲ ಹದಿನೈದು ದಿನ ಅವರಪ್ಪನೇ ತನ್ನ ಗಾಡಿಯ ಮೇಲೆ ಹಿಂದೆ ಹೋಗಲಿ, ಅವರ ಹೆದರಿಕೆಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ದೊಡ್ಡ ರಸ್ತೆ ಬಿಟ್ಟು ಓಣಿಯ ದಾರಿ ಇದ್ದರೆ ಸುತ್ತಾದರೂ ಅದೇ ಇರಲಿ. ಸೀಟಿನ ಮೇಲೆ ಕೂತಾಗ ಕಾಲಿನ ಬೆರಳು ನೆಲಕ್ಕೆ ಮುಟ್ಟುವಷ್ಟೇ ಎತ್ತರ ಇರಲಿ. ವೇಲ್ ಹಾಕಿಕೊಳ್ಳುವವಳಾದರೆ ಸೊಂಟಕ್ಕೆ ಗಂಟು ಕಟ್ಟಿಯೇ ಹತ್ತಬೇಕು, ಚಕ್ರಕ್ಕೆ ಸಿಕ್ಕಿದ ವೇಲ್ ಕುತ್ತಿಗೆಯನ್ನೇ ಎಳೆಯುತ್ತದೆ. ಚೈನಿಗೆ ಕವರ್ ಇರುವ ಸೈಕಲ್ಲನ್ನೇ ಆರಿಸಿ. ಬ್ಯಾಗ್ ಕ್ಯಾರಿಯರಿಗೆ ಕಟ್ಟಲಿ, ಹ್ಯಾಂಡಲ್ಲಿಗೆ ನೇತು ಹಾಕುವುದು ಬೇಡ. ಹಿಂದಿನ ಮಡ್‌ಗಾರ್ಡಿಗೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ನಮ್ಮ ಮನೆಯಲ್ಲೂ ಈ ಮಾತು ನಡೆದಿದೆ. ಮಗಳು ಕೇಳಿದಳು, "ಅವ್ವಾ, ನಿನಗ ಸೈಕಲ್ ಬರತೈತೇನು?" ಬರತೈತಿ ಅಂದೆ. ನಂಬಲಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಹುಡುಗನ ಸೈಕಲ್ ಕೇಳಿ ತಂದು, ನೈಟಿ ಬಿಟ್ಟು ಚೂಡಿದಾರ ಹಾಕಿಕೊಂಡು ಓಣಿಯ ತುದಿ ತನಕ ಹೊಡೆದು ತೋರಿಸಿದೆ. ಹಾಲಿನವರು ನಿಂತು ನೋಡಿದರು. ಮೊಳಕಾಲು ಇನ್ನೂ ನೋಯುತ್ತಿದೆ.

ಲಕ್ಷ್ಮೇಶ್ವರದ ಅಕ್ಕಾ, ಪುರಸಭೆಯವರು ಏನಂದರು ಅಂತ ಒಂದು ಕಾರ್ಡ್ ಹಾಕಿ. ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿಯ ಗೆಳತಿಯರೂ ನಿಮ್ಮ ಮಕ್ಕಳ ಸಾಲಿಯ ದಾರಿ ಹೆಂಗಿದೆ ಅಂತ ಬರೆಯಿರಿ. ರಸ್ತೆಯ ಹೆಸರು ಮಾತ್ರ ಸರಿಯಾಗಿ ಬರೆಯಿರಿ, ನಿಮ್ಮ ಹೆಸರು ಬೇಡವಾದರೆ ಬಿಡಿ.